ನಿದ್ದೆ ತಜ್ಞನ ಗೊರಕೆ

ನನ್ನ ಭಾಮೈದ ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಆದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಇದನ್ನು ಕೇಳಿ ನಿಮಗೆ ನಗು ಬಂದರೆ ಧಾರಾಳವಾಗಿ ನಗಿ. ಮೊದಮೊದಲು ನಾನೂ ನಕ್ಕವನೇ.

ಅವನದು ನೋಡುವವರ ಕಣ್ಣಿಗೆ ಸುಖದ ಕೆಲಸ. ಹಾಸಿಗೆ ಕೊಳ್ಳಲು ಬಂದ ಗಂಡ ಹೆಂಡಿರಿಗೆ ನಾಲ್ಕು ಜನರ ಎದುರು ಕಾಲು ಚಾಚಿ ಮಲಗಲು ನಾಚಿಕೆ. ಅದಕ್ಕೆ ಅವರ ಪರವಾಗಿ ಇವನು ಚಪ್ಪಲಿ ಬಿಟ್ಟು ಮಲಗಬೇಕು, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಬೇಕು, ಮುಖಕ್ಕೆ ಒಂದು ತೃಪ್ತಿ ತಂದುಕೊಳ್ಳಬೇಕು. ಎಡಕ್ಕೆ ಹೊರಳು ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಈ ಕಾರಣಕ್ಕೆ ನಮ್ಮ ಬೀದಿಯವರು ಅವನಿಗೆ ದಿಂಬು ಎಂದು ಹೆಸರಿಟ್ಟರು. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ನೆನಪಿದೆ.

ದಿಂಬು ನನ್ನ ಹೆಂಡತಿಯ ಒಬ್ಬನೇ ತಮ್ಮ. ತಾಯಿ ಹೋದಾಗ ಅವನಿನ್ನೂ ಮಗು. ಅಕ್ಕನೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು. ನನ್ನ ಮದುವೆಯಲ್ಲಿ ಹೆಂಡತಿಯ ಜೊತೆಗೆ ಒಂದು ಟ್ರಂಕು, ಒಬ್ಬ ಭಾಮೈದ, ಎರಡೂ ನಮ್ಮ ಮನೆಗೆ ಬಂದವು. ಟ್ರಂಕು ತುಕ್ಕು ಹಿಡಿದು ಹೋಯಿತು. ಭಾಮೈದ ಮೀಸೆ ಬಂದು, ಕೆಲಸ ಸಿಕ್ಕಿ, ಇಪ್ಪತ್ತನಾಲ್ಕು ತುಂಬಿದರೂ ಒಳಕೋಣೆಯಲ್ಲಿ ಹಾಗೇ ಉಳಿದ. ನನಗೇನೂ ಬೇಸರವಿಲ್ಲ. ಬೇಸರವಿದ್ದದ್ದು ಅವನ ಗೊರಕೆಯ ಬಗ್ಗೆ.

ಆ ಗೊರಕೆಯನ್ನು ವರ್ಣಿಸುವುದು ಕಷ್ಟ. ಮರದ ಮೇಜನ್ನು ಒರಟು ನೆಲದ ಮೇಲೆ ಎಳೆದುಕೊಂಡು ಹೋದ ಹಾಗೆ, ಮತ್ತೆ ಅದೇ ಮೇಜನ್ನು ಬೇಡವೆಂದು ವಾಪಸು ಎಳೆದು ತಂದ ಹಾಗೆ. ಕೆಳಗಿನ ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರರೊಬ್ಬರು ಇದ್ದಾರೆ. ಗೊರಕೆ ಶುರುವಾದರೆ ಅವರು ಊರುಗೋಲಿನ ತುದಿಯಿಂದ ತಮ್ಮ ಮನೆಯ ಸೂರನ್ನು, ಅಂದರೆ ನಮ್ಮ ನೆಲವನ್ನು, ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಆ ಸದ್ದಿಗೆ ನಾನು ಏಳುತ್ತಿದ್ದೆ, ನನ್ನ ಹೆಂಡತಿ ಏಳುತ್ತಿದ್ದಳು, ದಿಂಬು ಮಾತ್ರ ಮಗ್ಗುಲು ಬದಲಿಸಿ ಮೇಜನ್ನು ಇನ್ನೊಂದು ದಿಕ್ಕಿಗೆ ಎಳೆಯುತ್ತಿದ್ದ.

ಇಂಥ ನಿದ್ದೆಯ ಮೇಲೆ ಕಣ್ಣು ಬಿದ್ದದ್ದು ಅಂಗಡಿಯ ಯಜಮಾನರದ್ದು. ಅವರು ಹಾಸಿಗೆಯನ್ನು ಹಾಸಿಗೆ ಎನ್ನುವುದಿಲ್ಲ, ‘ಸ್ವರ್ಗದ ಮೊದಲ ಮೆಟ್ಟಿಲು’ ಎನ್ನುತ್ತಾರೆ. ಅಂಗಡಿಯ ಮುಂದಿನ ಗಾಜಿನ ಹಿಂದೆ ಎಲ್ಲಕ್ಕಿಂತ ದೊಡ್ಡ ಹಾಸಿಗೆಯನ್ನು ಹಾಕಿಸಿ, ಅದರ ತಲೆಯ ಕಡೆ ಒಂದು ಬೋರ್ಡ್ ಬರೆಸಿದ್ದಾರೆ: ‘ಇಲ್ಲಿ ಮಲಗಿದವರು ಮತ್ತೆ ಏಳಲು ಒಪ್ಪುವುದಿಲ್ಲ.’ ಒಂದು ದಿನ ಅವರಿಗೆ ಅಂಗಡಿಯನ್ನು ಮೊಬೈಲಿನೊಳಗೆ ತರಬೇಕು ಎನ್ನಿಸಿತು. ದಿಂಬುವಿನ ಖಾತೆಗೇ ‘ನಿದ್ದೆ ತಜ್ಞ’ ಎಂದು ಹೆಸರು ಬದಲಾಯಿಸಿ, ಅವನನ್ನು ಆ ಹಾಸಿಗೆಯ ಮೇಲೆ ಮಲಗಿಸಿ, ‘ಸುಖನಿದ್ರೆಯ ಗುಟ್ಟು’ ಎಂದು ವಿಡಿಯೋ ಮಾಡಿದರು. ವಿಡಿಯೋದ ನಡುವೆ ಎಲ್ಲಿಂದಲೋ ಒಂದು ಬೆಕ್ಕು ಹಾರಿ ಬಂದು ತಜ್ಞನ ಹೊಟ್ಟೆಯ ಮೇಲೆ ದೊಪ್ಪನೆ ಬಿತ್ತು. ತಜ್ಞ ಕಣ್ಣು ಬಿಡದೆ ಬೆಕ್ಕನ್ನು ಬಳಸಿ ಹಿಡಿದು ಗೊರಕೆ ಹೊಡೆದ.

ಅದನ್ನು ಲಕ್ಷಗಟ್ಟಲೆ ಜನ ನೋಡಿದರು. ದಿಂಬು ಎರಡು ವಾರ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಶುರುವಾಯಿತು ಗ್ರಹಚಾರ. ಮುಂದಿನ ವಿಡಿಯೋಗಳಿಗೆ ಬೆಕ್ಕು ಬರಲಿಲ್ಲ, ಜನರೂ ಬರಲಿಲ್ಲ. ಇವನಿಗೆ ಮಾತ್ರ ನೋಡುವ ಚಟ ಹತ್ತಿತು. ಎಷ್ಟು ಜನ ನೋಡಿದರು, ಯಾರು ಮೆಚ್ಚಿದರು, ಯಾರು ಬಿಟ್ಟರು. ಅದು ಮುಗಿದ ಮೇಲೆ ಬೇರೆಯವರದ್ದು. ಜೊತೆಗೆ ಓದಿದವನೊಬ್ಬ ವಾರಕ್ಕೊಂದು ಹೊಸ ಕಾರಿನ ಪಕ್ಕ ನಿಂತಿದ್ದ. ಅದೂ ಸಾಲದೆಂದು ಬೆಟ್ಟದ ತುದಿಯಲ್ಲಿ ಕೈ ಚಾಚಿ ಮೋಡ ಮುಟ್ಟುತ್ತಿದ್ದ. ದಿಂಬು ಅದನ್ನು ನೋಡುತ್ತ ಕೂತರೆ ಎದುರಿನ ಕಾಫಿ ತಣ್ಣಗಾಗಿ ಕೆನೆ ಕಟ್ಟುತ್ತಿತ್ತು. ಅವನು ಸೊರಗಿದ. ಗೊರಕೆ ನಿಂತಿತು. ‘ಅಬ್ಬಾ, ಹಾಯಾಗಿ ನಿದ್ದೆ ಮಾಡಬಹುದು’ ಎಂದುಕೊಂಡ ಪಾಪಿ ನಾನೇ.

ಒಂದು ಸಂಜೆ ನಾನು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ದಿಂಬು ಬಂದು ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಾ ಹೇಳಿದ, “ಭಾವ, ನಾನು ಯಾತಕ್ಕೂ ಬರಲ್ಲ ಅನ್ಸುತ್ತೆ. ಎಲ್ಲರೂ ಎಲ್ಲೆಲ್ಲಿಗೋ ಹೋದ್ರು. ನಾನು ಮಲಗೇ ಇದೀನಿ. ಮಲಗಿದ್ರೂ ನಿದ್ದೆ ಬರಲ್ಲ. ಬೆಳಿಗ್ಗೆ ಏಳಬೇಕು ಅಂದ್ರೆ ಭಯ ಆಗುತ್ತೆ.”

ನಾನು ತಮಾಷೆ ಮಾಡಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿದೆ. ನನ್ನ ಬಾಯಿ ತಾನಾಗಿ ಮುಚ್ಚಿದ್ದು ಬಹುಶಃ ಅದೇ ಮೊದಲು. ಮಾರನೆಯ ದಿನವೇ ಅವನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಅವಸರ ಮಾಡದೆ ಎಲ್ಲವನ್ನೂ ಕೇಳಿದರು. “ಇದು ನಾಚಿಕೆ ಪಡೋ ವಿಷಯ ಅಲ್ಲಪ್ಪ, ನಿನ್ನ ವಯಸ್ಸಿನೋರು ಎಷ್ಟೋ ಜನ ಬರ್ತಾರೆ. ಸ್ವಲ್ಪ ದಿನ ಆ ಖಾತೆ ಮುಚ್ಚಿಟ್ಟು ನೋಡು. ಬೆಳಿಗ್ಗೆ ನಡಿ. ಮನೇಲಿ ಮಾತಾಡು. ಮುಂದಿನ ವಾರ ಬಾ, ತಪ್ಪಿಸಬೇಡ,” ಎಂದರು. ದಿಂಬು ಅಲ್ಲೇ, ಅವರ ಕುರ್ಚಿಯ ಎದುರೇ ಖಾತೆ ಮುಚ್ಚಿದ. ಮೆಟ್ಟಿಲಿಳಿಯುವಾಗ ಫೋನನ್ನು ಆರಿಸಿ ನನ್ನ ಕೈಗಿಟ್ಟ.

“ಇದು ನಿಮ್ಮ ಹತ್ರನೇ ಇರ್ಲಿ ಭಾವ. ಆದ್ರೆ ಯಾರಿಗೂ ಹೇಳಬಾರದು. ನಿದ್ದೆ ತಜ್ಞನಿಗೇ ನಿದ್ದೆ ಬರಲ್ಲ ಅಂತ ಗೊತ್ತಾದ್ರೆ ಯಜಮಾನ್ರು ಕೆಲಸದಿಂದ ತೆಗೀತಾರೆ. ಅಕ್ಕನಿಗಂತೂ ಹೇಳಲೇಬೇಡಿ. ಅಳ್ತಾಳೆ.”

“ಮನೇಲಿ ಮಾತಾಡು ಅಂದ್ರಲ್ಲೋ ಡಾಕ್ಟರು?”

“ಮಾತಾಡ್ತೀನಿ. ನಾನೇ ಮಾತಾಡ್ತೀನಿ. ನೀವು ಮಾತಾಡಬೇಡಿ.”

ಆಣೆ ಮಾಡಿ ಮಾತು ಕೊಟ್ಟೆ. ಇಲ್ಲಿ ನನ್ನ ವಿಷಯ ಒಂದೆರಡು ಮಾತು ಹೇಳಬೇಕು. ನಾನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಬೆಳಿಗ್ಗೆ ಮೊದಲನೆಯ ಮನೆಯಲ್ಲಿ ಕೇಳಿದ್ದು ಕೊನೆಯ ಮನೆಗೆ ತಲುಪದಿದ್ದರೆ ನನಗೆ ಊಟ ಸೇರುವುದಿಲ್ಲ. ಆದರೆ ನಮ್ಮ ವೃತ್ತಿಯಲ್ಲಿ ಒಂದು ಮಂತ್ರವಿದೆ. “ಏನ್ರೀ ಇದು, ಇಷ್ಟು ನೀರು ನಾವೆಲ್ಲಿ ಬಳಸಿದೀವಿ?” ಎಂದು ಯಾರಾದರೂ ಮೈಮೇಲೆ ಬಿದ್ದರೆ ವಾದ ಮಾಡಬಾರದು. ಟೋಪಿ ಸರಿಮಾಡಿಕೊಂಡು ಶಾಂತವಾಗಿ “ನಿಮಗೇ ಗೊತ್ತಿರಬೇಕು” ಎನ್ನಬೇಕು. ಎಂಥ ಗಂಡುಗಲಿಯೂ ತಣ್ಣಗಾಗುತ್ತಾನೆ. ಸೋರುವ ನಲ್ಲಿಯೊಂದು ಎಲ್ಲರ ಮನೆಯಲ್ಲೂ ಇರುತ್ತದೆ ನೋಡಿ.

ಈ ಮಂತ್ರವೊಂದಿದ್ದರೆ ಗುಟ್ಟು ಕಾಪಾಡಬಹುದು ಎಂದು ನಾನು ನಂಬಿದೆ.

ಮೊದಲು ಫೋನು ಬಂದದ್ದು ದಿಂಬುವಿನ ಚಿಕ್ಕಮ್ಮನಿಂದ. ಆಕೆ ಎದ್ದ ಕೂಡಲೇ ಮೊಬೈಲಿನಲ್ಲಿ ಬಂಧುಬಳಗದ ಫೋಟೋಗಳಿಗೆಲ್ಲ ಹೂವಿನ ಚಿತ್ರ ಹಾಕುವ ಹೆಂಗಸು. “ಏನ್ರೀ, ನಿಮ್ಮ ಭಾಮೈದ ನನ್ನನ್ನ ಬ್ಲಾಕ್ ಮಾಡಿದಾನೆ! ಹೆಸರು ಒತ್ತಿದ್ರೆ ಏನೂ ಇಲ್ಲ, ಬರೀ ಬೂದಿ ಬಣ್ಣ. ಎತ್ತಿ ಆಡಿಸಿದ ಚಿಕ್ಕಮ್ಮನ್ನ! ನಾನೇನು ಮಾಡಿದೀನಿ ಅವನಿಗೆ?”

ನಾನು ಗಂಟಲು ಸರಿಮಾಡಿಕೊಂಡೆ. “ನಿಮಗೇ ಗೊತ್ತಿರಬೇಕು.”

ಆ ಕಡೆಯ ದನಿ ಸಣ್ಣಗಾಯಿತು. “ಅವನಿಗೆ ಯಾರು ಹೇಳಿದ್ರು? ಆ ಹುಡುಗಿ ಮನೆಯೋರು ಹುಡುಗ ಹೇಗೆ ಅಂತ ಕೇಳಿದ್ರು. ನಾನು, ಯಾವಾಗ ನೋಡಿದ್ರೂ ಮಲಗಿರ್ತಾನೆ ಅಂದೆ. ಅವನ ಕೆಲಸದ ಬಗ್ಗೆ ಅಂದದ್ದು ಕಣ್ರೀ! ಅವರು ಫೋನ್ ಇಟ್ಟೇಬಿಟ್ರು.”

ನನಗೆ ಮೈಯೆಲ್ಲ ಪುಳಕ. ಹುಡುಗಿಯ ವಿಷಯವೇ ನಮಗೆ ಗೊತ್ತಿರಲಿಲ್ಲ! ಇಂಥ ಸುದ್ದಿ ಕೈಗೆ ಬಂದೂ ಯಾರಿಗೂ ಹೇಳುವಂತಿಲ್ಲವಲ್ಲ ಎಂದು ಸಂಕಟವಾಯಿತು.

ಮಾರನೆಯ ದಿನ ಮೆಟ್ಟಿಲ ಹತ್ತಿರ ಹೆಡ್‌ಮಾಸ್ಟರರು ಅಡ್ಡಗಟ್ಟಿದರು. ಊರುಗೋಲಿಗೆ ಎರಡೂ ಕೈ ಊರಿ ಕೇಳಿದರು, “ನಿಮ್ಮ ಹುಡುಗ ನನ್ನನ್ನು ತೆಗೆದುಹಾಕಿದಾನೆ. ಮೂವತ್ತು ವರ್ಷ ಪಾಠ ಹೇಳಿದವನು ನಾನು, ನನ್ನನ್ನು ಯಾವ ವಿದ್ಯಾರ್ಥಿಯೂ ಹೊರಗೆ ಹಾಕಿರಲಿಲ್ಲ. ಕಾರಣ ಏನು?”

“ನಿಮಗೇ ಗೊತ್ತಿರಬೇಕು ಸಾರ್.”

ಹೆಡ್‌ಮಾಸ್ಟರರ ಊರುಗೋಲು ಗೋಡೆಗೆ ಒರಗಿತು. ಕಿಸೆಯಿಂದ ಫೋನು ತೆಗೆದು, ಕನ್ನಡಕವನ್ನು ಹಣೆಗೇರಿಸಿ ಒಂದು ಪುಟ್ಟ ಮುಖ ತೋರಿಸಿದರು. ಹಳದಿ ಮುಖ, ಎರಡೂ ಕಣ್ಣಿನಿಂದ ನೀರು. “ನಿದ್ದೆ ಬರ್ತಿಲ್ಲ, ಮನಸ್ಸು ಸರಿಯಿಲ್ಲ ಅಂತ ಒಮ್ಮೆ ನನಗೊಬ್ಬನಿಗೇ ಬರೆದಿದ್ದ. ನನಗೆ ಕರುಳು ಚುರುಕ್ ಅಂತು. ಈ ಅಳೋ ಮುಖಾನ ಕಳಿಸಿದೆ. ಒಂದು ಸಾಲದು ಅಂತ ಐದಾರು ಕಳಿಸಿದೆ. ನಿನ್ನೆ ನನ್ನ ಮೊಮ್ಮಗಳು ನೋಡಿ ಹೇಳಿದಳು, ತಾತ ಇದು ಬಿದ್ದು ಬಿದ್ದು ನಗೋ ಮುಖ ಅಂತ.” ಅವರು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತರು. “ಸಂಕಟ ಅಂದ ಹುಡುಗನಿಗೆ ನಾನು ಐದಾರು ಸಲ ನಕ್ಕೆನಲ್ಲರೀ!”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಊರಿಗೆ ಊರೇ ಹೆಗಲು ಮುಟ್ಟಿಕೊಳ್ಳುತ್ತಿತ್ತು. ನಾನು ಕಳ್ಳ ಎಂದೂ ಅಂದಿರಲಿಲ್ಲ, ಕುಂಬಳಕಾಯಿ ಎಂದೂ ಅಂದಿರಲಿಲ್ಲ.

ಮುಂದಿನದ್ದು ನನ್ನ ವಾರದ ರಜೆಯ ದಿನ. ದಿಂಬು ಡಾಕ್ಟರಮ್ಮ ಹೇಳಿದ ಹಾಗೆ ಬೆಳಿಗ್ಗೆ ನಡೆಯಲು ಹೋಗಿದ್ದ. ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ಬಾಗಿಲಲ್ಲಿ ಒಬ್ಬ ಯುವಕ ನಿಂತ. ಒದ್ದೆ ಪ್ಯಾಂಟು, ಸುಕ್ಕುಗಟ್ಟಿದ ಬೆರಳು, ಮೈಯೆಲ್ಲ ಸೋಪಿನ ವಾಸನೆ. ಎಲ್ಲೋ ನೋಡಿದ ಮುಖ ಅನ್ನಿಸಿತು. ಕಾರಿನ ಗೆಳೆಯ!

“ಅಣ್ಣ, ದಿಂಬು ನನ್ನನ್ನ ತೆಗೆದುಹಾಕಿದಾನೆ. ಅವನಿಗೆ ಗೊತ್ತಾಗೋಯ್ತಾ?”

“ನಿನಗೇ ಗೊತ್ತಿರಬೇಕು.”

“ಗೊತ್ತಾಗೋಗಿದೆ,” ಎಂದು ಅವನು ಹೊಸ್ತಿಲಲ್ಲೇ ಕುಸಿದ. “ಕಾರುಗಳು ನನ್ನವಲ್ಲ ಅಣ್ಣ. ನಾನು ಕಾರು ತೊಳೆಯೋ ಕಡೆ ಕೆಲಸ ಮಾಡೋದು. ತೊಳೆದ ಮೇಲೆ ಓನರ್ ಬರೋಕೆ ಮುಂಚೆ ಒಂದು ಕ್ಷಣ ಸಿಗುತ್ತೆ. ಆಗ ಪಕ್ಕ ನಿಂತು ಫೋಟೋ ತೆಗೀತೀನಿ.”

“ಮತ್ತೆ ಬೆಟ್ಟ?”

“ಅದು ಬೆಟ್ಟ ಅಲ್ಲ. ನೀರಿನ ಟ್ಯಾಂಕ್ ಮೇಲೆ.”

ನಾನು ಲೋಟ ಕೆಳಗಿಟ್ಟು ಎದ್ದೆ. “ಯಾವ ಟ್ಯಾಂಕು? ನಮ್ಮ ಇಲಾಖೆ ಟ್ಯಾಂಕಾ? ಹತ್ತಬಾರದು ಅಂತ ಬೋರ್ಡ್ ಇಲ್ವೇನೋ! ಚಪ್ಪಲಿ ಹಾಕ್ಕೊಂಡು ಹತ್ತಿದ್ಯಾ?”

“ಬರಿಗಾಲಲ್ಲಿ ಅಣ್ಣ.”

ಅಷ್ಟಕ್ಕೆ ನನ್ನ ಕೋಪ ಇಳಿಯಿತು. ಯಾಕೆ ಹೀಗೆಲ್ಲ ಮಾಡಿದೆಯೋ ಎಂದು ಕೇಳಿದೆ. ಅವನು ಮೂಗು ಒರೆಸಿಕೊಂಡ. “ದಿಂಬೂನ ಬೆಕ್ಕಿನ ವಿಡಿಯೋ ಅಷ್ಟು ಜನ ನೋಡಿದ್ರಲ್ಲ. ಅವನು ಎಲ್ಲೋ ಹೋಗ್ಬಿಟ್ಟ, ನಾನೊಬ್ಬ ಹಿಂದೆ ಬಿದ್ದೆ ಅನ್ನಿಸ್ತು. ರಾತ್ರಿ ನಿದ್ದೇನೇ ಬರ್ತಿರಲಿಲ್ಲ.”

ಒಬ್ಬ ಹಾಸಿಗೆಯ ಮೇಲೆ, ಒಬ್ಬ ಟ್ಯಾಂಕಿನ ಮೇಲೆ. ಒಬ್ಬರನ್ನೊಬ್ಬರು ನೋಡಿಕೊಂಡು ಇಬ್ಬರೂ ನಿದ್ದೆಗೆಟ್ಟಿದ್ದರು. ನಾನು ಏನು ಹೇಳಬೇಕೆಂದು ಯೋಚಿಸುವುದರೊಳಗೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಂಗಡಿಯ ಯಜಮಾನರು.

“ಎಲ್ಲಿ ನಿಮ್ಮ ತಜ್ಞ? ವಿಡಿಯೋ ಒಂದೂ ಇಲ್ಲ! ಅಂಗಡಿಯ ಮಾನಾನೇ ಒರೆಸಿ ಹಾಕಿದಾನೆ! ಯಾಕೆ ಅಂತ ನನಗೆ ಈಗಲೇ ಗೊತ್ತಾಗಬೇಕು!”

“ನಿಮಗೇ ಗೊತ್ತಿರಬೇಕು,” ಎಂದೆ. ಈ ಹೊತ್ತಿಗೆ ಮಾತು ತಾನಾಗಿ ಬರುತ್ತಿತ್ತು, ನಾನು ಬರೀ ಬಾಯಿ ತೆರೆಯುತ್ತಿದ್ದೆ.

ಯಜಮಾನರ ಹೊಟ್ಟೆ ಒಳಗೆ ಹೋಯಿತು. ಕುರ್ಚಿ ಹುಡುಕಿ ಕೂತರು. “ಬೆಕ್ಕಿನ ವಿಷಯ ತಾನೆ?” ಎಂದರು. “ಅದು ನಮ್ಮನೆ ಬೆಕ್ಕು. ನಾನೇ ಎಸೆದೆ. ಮೆಲ್ಲಗೆ ಎಸೆದೆ! ದೇವರೇ ಕಳಿಸಿದ ಬೆಕ್ಕು ಅಂತ ಹುಡುಗ ನಂಬಿದ್ದ. ಆಮೇಲೂ ಎಸೀಬೇಕು ಅಂದ್ರೆ ಅದು ನನ್ನ ಕೈಗೇ ಸಿಗ್ತಿಲ್ಲ, ನನ್ನನ್ನ ಕಂಡ್ರೆ ಓಡುತ್ತೆ.”

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. ಅವಳ ಕೈಯಲ್ಲಿ ನನ್ನ ಮೀಟರ್ ಓದುವ ಚೀಲ, ಇನ್ನೊಂದು ಕೈಯಲ್ಲಿ ತಮ್ಮನ ಫೋನು. “ಇದು ನಿಮ್ಮ ಚೀಲದಲ್ಲಿ ಯಾಕಿದೆ? ನಡೆಯೋಕೆ ಹೋದೋನು ಇನ್ನೂ ತಿಂಡಿಗೆ ಬಂದಿಲ್ಲ. ಚಿಕ್ಕಮ್ಮ ಈಗ ಫೋನ್ ಮಾಡಿದ್ರು, ಎಲ್ಲರನ್ನೂ ತೆಗೆದುಹಾಕಿದಾನಂತೆ. ನೋಡಿದ್ರೆ ನನ್ನನ್ನೂ ತೆಗೆದಿದಾನೆ. ನನ್ನನ್ನೂ! ಯಾಕ್ರೀ?”

ಹೇಳಬಾರದಿತ್ತು. ನಾಲಿಗೆಗೆ ಮೂಳೆಯಿಲ್ಲ. “ನಿನಗೇ ಗೊತ್ತಿರಬೇಕು,” ಎಂದುಬಿಟ್ಟೆ.

ಅವಳು ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಫೋನನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಹೇಳಿದಳು, “ಗೊತ್ತು. ಹೋದ ತಿಂಗಳು ಸಿಟ್ಟಲ್ಲಿ ಅಂದೆ. ಎಲ್ಲರ ತಮ್ಮಂದಿರೂ ಎಲ್ಲೆಲ್ಲೋ ಹೋದ್ರು, ನೀನು ಹಾಸಿಗೆ ಮೇಲೇ ಉಳಿದೆ ಅಂತ. ಅವನು ನಕ್ಕ. ನಾನೂ ಮರೆತೆ.” ಆಮೇಲೆ ಅವಳ ಕಣ್ಣಲ್ಲಿ ಬಳಬಳ ನೀರು. “ಫೋನ್ ಬಿಟ್ಟು, ಎಲ್ಲರನ್ನೂ ಬಿಟ್ಟು, ಅವನು ಎಲ್ಲಿಗೆ ಹೋದ?”

ಮಹಡಿಯ ಮೇಲೆ ಅವನು ಹೇಳಿದ ಮಾತು ನೆನಪಾಗಿ ನನ್ನ ಫೋನು ಹುಡುಕಿದೆ. ಅಂಗಡಿಗೆ ಫೋನು ಮಾಡಿದೆವು, ಯಾರೂ ಎತ್ತಲಿಲ್ಲ. “ಬೀಗದ ಕೈ ಅವನ ಹತ್ರನೇ ಇದೆ, ಇಷ್ಟು ಹೊತ್ತಿಗೆ ತೆಗೆದಿರಬೇಕು,” ಎಂದರು ಯಜಮಾನರು. ಮತ್ತೆ ಮಾಡಿದೆವು. ಯಾರೂ ಎತ್ತಲಿಲ್ಲ.

ಎಲ್ಲರೂ ಮೆಟ್ಟಿಲಿಳಿದೆವು. ಕೆಳಗೆ ಹೆಡ್‌ಮಾಸ್ಟರರು ಚಪ್ಪಲಿ ಹಾಕಿಕೊಂಡು ಸಿದ್ಧರಾಗಿದ್ದರು. ನಮ್ಮ ನೆಲದ ಕೆಳಗಿರುವವರಿಗೆ ಏನನ್ನೂ ಹೇಳಬೇಕಾಗಿಲ್ಲ. ತಿರುವಿನಲ್ಲಿ ಆಟೋ ಇಳಿಯುತ್ತಿದ್ದ ಚಿಕ್ಕಮ್ಮ ಸೇರಿಕೊಂಡರು. ಇಷ್ಟು ಜನ ಒಟ್ಟಿಗೆ ಓಡುವುದನ್ನು ಕಂಡು ಕಾನ್‌ಸ್ಟೇಬಲ್ ಒಬ್ಬ ಸೀಟಿ ಊದಿ ನಿಲ್ಲಿಸಿದ.

“ಏನ್ರೀ ಗಲಾಟೆ?”

“ಹುಡುಗ ಕಾಣಿಸ್ತಿಲ್ಲ,” ಎಂದಳು ನನ್ನ ಹೆಂಡತಿ.

“ಯಾವ ಹುಡುಗ? ಯಾಕೆ ಹೋದ?” ಎಂದು ಅವನು ನನ್ನ ಕಡೆ ತಿರುಗಿದ.

ಓಟದ ಏದುಸಿರಿನಲ್ಲಿ ನನ್ನ ಬಾಯಿಂದ ಬಂದದ್ದು, “ನಿಮಗೇ ಗೊತ್ತಿರಬೇಕು.”

ಕಾನ್‌ಸ್ಟೇಬಲ್ ಬಿಳಿಚಿಕೊಂಡ. “ಹಾಸಿಗೆ ಅಂಗಡಿ ಹುಡುಗನಾ? ನಿನ್ನೆ ರಸ್ತೆ ದಾಟುವಾಗ ‘ಏಯ್, ನಿದ್ದೆ ಮಾಡ್ತಿದ್ಯೇನೋ’ ಅಂತ ಗದರಿಸಿದೆ, ಅಷ್ಟೇ. ಎಲ್ಲರಿಗೂ ಅನ್ನೋದನ್ನೇ ಅಂದೆ!” ಎಂದವನು ನಮಗಿಂತ ಮುಂದೆ ಓಡಿದ.

ಅಂಗಡಿಯ ಬಾಗಿಲು ತೆರೆದೇ ಇತ್ತು. ಒಳಗೆ ನರಪಿಳ್ಳೆಯಿಲ್ಲ. ಗಾಜಿನ ಹಿಂದಿನ ದೊಡ್ಡ ಹಾಸಿಗೆಯ ಮೇಲೆ, ಎದೆಯವರೆಗೆ ಬಿಳಿ ಹೊದಿಕೆ ಹೊದ್ದು, ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ದಿಂಬು ಮಲಗಿದ್ದ. ಅಲುಗಾಟವಿಲ್ಲ. ಮುಖದಲ್ಲಿ ಅದೇ ತೃಪ್ತಿ. ಕಾನ್‌ಸ್ಟೇಬಲ್ ಟೋಪಿ ತೆಗೆದು, ತಲೆಯ ಕಡೆಯ ಬೋರ್ಡನ್ನು ಗಟ್ಟಿಯಾಗಿ ಓದಿದ: “ಇಲ್ಲಿ ಮಲಗಿದವರು ಮತ್ತೆ ಏಳಲು ಒಪ್ಪುವುದಿಲ್ಲ.”

ಚಿಕ್ಕಮ್ಮ ಕಿಟಾರನೆ ಕಿರುಚಿದರು. ಯಜಮಾನರು ಬೋರ್ಡ್ ಕೀಳಲು ಹೋಗಿ ಪಕ್ಕದ ಹಾಸಿಗೆಯ ಮೇಲೆ ಬಿದ್ದು, ಎದ್ದು, ಮತ್ತೆ ಬಿದ್ದರು. ಅವರ ಮಾಲು ನಿಜಕ್ಕೂ ಮೆತ್ತಗಿದೆ. ಕಾರಿನ ಗೆಳೆಯ ಗೋಡೆ ಕಡೆ ತಿರುಗಿ ನಿಂತ. ನನ್ನ ಹೆಂಡತಿ ನೇರ ಹೋಗಿ ತಮ್ಮನ ಹಣೆಯ ಮೇಲೆ ಕೈಯಿಟ್ಟಳು.

ಆಗ ಬಂತು. ಮೊದಲು ಸಣ್ಣದಾಗಿ, ಮೇಜಿನ ಒಂದು ಕಾಲು ಮಾತ್ರ ನೆಲಕ್ಕೆ ತಾಗಿದ ಹಾಗೆ. ಆಮೇಲೆ ನಾಲ್ಕೂ ಕಾಲು. ಆಮೇಲೆ ಇಡೀ ಮೇಜು, ಒರಟು ನೆಲದ ಮೇಲೆ, ಉದ್ದಕ್ಕೂ.

ಹೆಡ್‌ಮಾಸ್ಟರರು ಊರುಗೋಲನ್ನು ಎದೆಗೊತ್ತಿಕೊಂಡು, “ಅದೇ! ಅದೇ ಗೊರಕೆ!” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಈ ಸಲ ಅದು ಅಳುವೋ ನಗುವೋ ಎಂದು ಯಾರ ಮೊಮ್ಮಗಳೂ ಹೇಳುವಂತಿರಲಿಲ್ಲ.

ಕಾನ್‌ಸ್ಟೇಬಲ್ ಎಬ್ಬಿಸಲು ಲಾಠಿ ಮುಂದೆ ಮಾಡಿದ. ನನ್ನ ಹೆಂಡತಿ ತಿರುಗಿ ನೋಡಿದ ನೋಟಕ್ಕೆ ಲಾಠಿ ಹಿಂದೆ ಹೋಯಿತು. “ಯಾರೂ ಮುಟ್ಟಬೇಡಿ,” ಎಂದಳು ಪಿಸುದನಿಯಲ್ಲಿ. “ಎಷ್ಟೋ ದಿನ ಆಯ್ತು. ಮಲಗಲಿ.”

ಹೀಗೆ ನಾವೆಲ್ಲ ಹಾಸಿಗೆಗೊಬ್ಬರಂತೆ ಕೂತು ಕಾದೆವು. ಯಾರದೋ ಫೋನು ಕಿಣಿಕಿಣಿ ಎಂದಿತು, ಎಲ್ಲರೂ ಅವರನ್ನು ಕೊಲ್ಲುವ ಹಾಗೆ ನೋಡಿದರು. ಚಿಕ್ಕಮ್ಮನೇ ಎದ್ದು ಒಂದು ಹೊಸ ದಿಂಬಿನ ಚೀಲ ತೆಗೆದುಕೊಂಡು ಎಲ್ಲರ ಫೋನನ್ನೂ ಅದರೊಳಗೆ ಹಾಕಿಸಿ, ಬಾಯಿ ಗಂಟು ಕಟ್ಟಿ, ಮೂಲೆಯ ಹಾಸಿಗೆಯ ಅಡಿಗೆ ತಳ್ಳಿದರು. ಒಬ್ಬ ಗಿರಾಕಿ ಬಂದ. ಯಜಮಾನರು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಹೊರಗೆ ಕಳಿಸಿದರು. ಬಂದ ಗಿರಾಕಿಯನ್ನು ಅವರು ಹಿಂದಕ್ಕೆ ಕಳಿಸಿದ್ದನ್ನು ಅದಕ್ಕೆ ಮೊದಲು ಕಂಡವರು ಅಲ್ಲಿ ಯಾರೂ ಇರಲಿಲ್ಲ. ನನಗೆ ಆ ಮನುಷ್ಯನ ಮೇಲೆ ಎಂದೂ ಇಲ್ಲದ ಗೌರವ ಬಂತು, ಬೆಕ್ಕು ಎಸೆದವನಾದರೂ.

ಮಾಡಲು ಬೇರೇನೂ ಇಲ್ಲದೆ ಜನ ಮಾತಾಡಿದರು. ಹೆಡ್‌ಮಾಸ್ಟರರು ಕಾರಿನ ಗೆಳೆಯನ ಸುಕ್ಕುಗಟ್ಟಿದ ಬೆರಳು ಹಿಡಿದು, ಕೈಗೆ ಎಣ್ಣೆ ಹಚ್ಚಬೇಕು ಎಂದು ಹೇಳಿಕೊಡುತ್ತಿದ್ದರು. ಚಿಕ್ಕಮ್ಮ ನನ್ನ ಹೆಂಡತಿಯ ಪಕ್ಕ ಕೂತು, ಅವರಿಬ್ಬರೂ ಯಾವತ್ತೋ ಅರ್ಧಕ್ಕೆ ಬಿಟ್ಟಿದ್ದ ಮಾತನ್ನು ಮುಂದುವರಿಸಿದರು. ಕಾನ್‌ಸ್ಟೇಬಲ್, “ನಮಗೂ ನಿದ್ದೆ ಇಲ್ಲ ಸಾರ್, ಡ್ಯೂಟಿ,” ಎಂದು ಯಜಮಾನರಿಗೆ ಹೇಳುತ್ತಿದ್ದವನು ವಾಕ್ಯದ ನಡುವೆಯೇ ಒರಗಿದ.

ದಿಂಬು ಎದ್ದಾಗ ಬಿಸಿಲು ಗಾಜಿನ ಈ ತುದಿಯಿಂದ ಆ ತುದಿಗೆ ಸರಿದಿತ್ತು. ಕಣ್ಣುಜ್ಜಿಕೊಂಡು ಸುತ್ತ ನೋಡಿದ. ಅಕ್ಕ, ಚಿಕ್ಕಮ್ಮ, ಯಜಮಾನರು, ಗೆಳೆಯ, ಊರುಗೋಲು, ಬಾಯಿ ತೆರೆದು ಮಲಗಿದ ಪೊಲೀಸು. “ವಾಕಿಂಗ್‌ನಿಂದ ನೇರ ಇಲ್ಲಿಗೇ ಬಂದೆ. ಬೆಳಿಗ್ಗೇನೇ ಗಿರಾಕಿ ಬಂದ್ರು, ಮಲಗಿ ತೋರಿಸಿದೆ. ಆಮೇಲೇನಾಯ್ತೋ ಗೊತ್ತಿಲ್ಲ,” ಎಂದವನು ನನ್ನ ಕಡೆ ತಿರುಗಿದ. “ಭಾವ! ಎಲ್ಲರಿಗೂ ಹೇಳ್ಬಿಟ್ರಾ?”

“ನಿನ್ನಾಣೆ ಕಣೋ, ನಾನು ಒಂದಕ್ಷರ ಹೇಳಿಲ್ಲ. ಹೇಳಿದ್ದೆಲ್ಲ ಇವರೇ.”

ದಿಂಬು ಅಕ್ಕನ ಮುಖ ನೋಡಿದ. ಆಮೇಲೆ ಡಾಕ್ಟರಮ್ಮನ ಮೆಟ್ಟಿಲಲ್ಲಿ ನನಗೆ ಕೊಟ್ಟ ಮಾತನ್ನು ಉಳಿಸಿಕೊಂಡ. ತಾನೇ ಹೇಳಿದ. “ನಾನು ಯಾರನ್ನೂ ತೆಗೆದುಹಾಕಿಲ್ಲ ಅಕ್ಕ. ನನ್ನನ್ನೇ ಮುಚ್ಚಿಕೊಂಡೆ. ದಿನಾ ಎಲ್ಲರದ್ದೂ ನೋಡಿ ನೋಡಿ ನಾನು ಸಣ್ಣೋನಾಗ್ತಾ ಹೋದೆ. ನಿದ್ದೆ ಹೋಯ್ತು. ಭಾವ ಡಾಕ್ಟರ ಹತ್ರ ಕರಕೊಂಡು ಹೋದ್ರು. ನಿನಗೆ ಹೇಳೋಕೆ ಭಯ ಆಯ್ತು.”

ಮೊದಲು ಬಾಯಿ ಬಿಟ್ಟವರು ಯಜಮಾನರು. “ಹಾಗಾದ್ರೆ ಬೆಕ್ಕಿನ ವಿಷಯ ನಿನಗೆ ಗೊತ್ತಿರಲಿಲ್ವಾ?”

“ಬೆಕ್ಕಿನದ್ದು ಏನು ವಿಷಯ?”

“ಏನಿಲ್ಲ, ಏನಿಲ್ಲ. ಚೆನ್ನಾಗಿದೆ. ಊಟ ಮಾಡ್ತಾ ಇದೆ.”

“ಹುಡುಗಿ ವಿಷಯಾನೂ ಗೊತ್ತಿರಲಿಲ್ವಾ?” ಎಂದರು ಚಿಕ್ಕಮ್ಮ.

“ಯಾವ ಹುಡುಗಿ?” ಎಂದು ದಿಂಬು ಪೂರ್ತಿ ಎದ್ದು ಕೂತ.

ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ನನ್ನ ಹೆಂಡತಿ ತಮ್ಮನ ತಲೆಯನ್ನು ಮಡಿಲಿಗೆಳೆದುಕೊಂಡು ಅಳುತ್ತಲೇ ನಕ್ಕಳು. ಕಾರಿನ ಗೆಳೆಯ ಮುಂದೆ ಬಂದು ಟ್ಯಾಂಕಿನ ಕಥೆ, ಸೋಪಿನ ಕಥೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ದಿಂಬು ಅವನನ್ನೇ ನೋಡುತ್ತಿದ್ದು, ಕಡೆಗೆ, “ನೀನೂ ನಿದ್ದೆ ಮಾಡ್ತಿರಲಿಲ್ವೇನೋ?” ಎಂದು ಕೇಳಿದ. ಅವನು ಇಲ್ಲವೆಂದು ತಲೆಯಾಡಿಸಿದ. ದಿಂಬು ಸರಿದು ಹಾಸಿಗೆಯಲ್ಲಿ ಜಾಗ ಮಾಡಿಕೊಟ್ಟ. ಯಜಮಾನರು ಒದ್ದೆ ಪ್ಯಾಂಟನ್ನು ನೋಡಿದರು, ಎರಡು ಸಾವಿರ ಸ್ಪ್ರಿಂಗಿನ ತಮ್ಮ ಹಾಸಿಗೆಯನ್ನು ನೋಡಿದರು, ಕಣ್ಣು ಮುಚ್ಚಿಕೊಂಡರು.

ಒಂದು ಹಗಲಿನ ನಿದ್ದೆಯಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಡಾಕ್ಟರಮ್ಮನ ಹತ್ತಿರ ಅವನು ಈಗಲೂ ಹೋಗುತ್ತಾನೆ. ಜೊತೆಗೆ ಗೆಳೆಯನೂ ಹೋಗುತ್ತಾನೆ. ಕೆಲವು ಬೆಳಿಗ್ಗೆ ಮುಖ ಸಪ್ಪೆಯಿರುತ್ತದೆ. ಅಂಥ ದಿನ ಅವನೇ ಅಡುಗೆಮನೆಯ ಬಾಗಿಲಿಗೆ ಬಂದು, “ಅಕ್ಕ, ಇವತ್ತು ಸರಿಯಿಲ್ಲ,” ಎನ್ನುತ್ತಾನೆ. ಅವಳು ಒಲೆ ಆರಿಸಿ ಪಕ್ಕದಲ್ಲಿ ಕೂರುತ್ತಾಳೆ. ಕೆಲಸ ಹೋಗಲಿಲ್ಲ. ಯಜಮಾನರು ಬೋರ್ಡು ಮಾತ್ರ ಬದಲಾಯಿಸಿದ್ದಾರೆ: ‘ಇಲ್ಲಿ ಮಲಗಿದವರು ಖಂಡಿತ ಏಳುತ್ತಾರೆ.’ ನನ್ನ ಮಂತ್ರವನ್ನು ನಾನು ಈಗ ಮೀಟರಿನ ಎದುರು ಮಾತ್ರ ಹೇಳುತ್ತೇನೆ. ಮನೆಯಲ್ಲಿ ಹೇಳಿದರೆ ಊಟವಿಲ್ಲ ಎಂದು ಆಜ್ಞೆಯಾಗಿದೆ.

ಹೋದ ರಜೆಯ ದಿನ ಮಧ್ಯಾಹ್ನ ನಾನು ಒಂದು ಸಣ್ಣ ನಿದ್ದೆಗೆ ಹವಣಿಸುತ್ತಿದ್ದೆ. ಒಳಕೋಣೆಯಲ್ಲಿ ಮೇಜು ಎಳೆಯುವ ಕೆಲಸ ಜೋರಾಗಿ ನಡೆದಿತ್ತು. ನಾನು ದಿಂಬನ್ನು, ಅಂದರೆ ನಿಜವಾದ ದಿಂಬನ್ನು, ಕಿವಿಗೆ ಒತ್ತಿಕೊಂಡು, “ಇವನನ್ನ ಎಬ್ಬಿಸಲೇನೇ?” ಎಂದೆ.

“ಎಬ್ಬಿಸಿ ನೋಡಿ,” ಎಂದಳು ನನ್ನ ಹೆಂಡತಿ. ಆ ದನಿಯ ಮೇಲೆ ವಾದ ಮಾಡುವ ಧೈರ್ಯ ನನಗಿಲ್ಲ. ಸುಮ್ಮನೆ ಮಲಗಿ ಕೇಳಿದೆ. ಕೇಳುತ್ತಾ ಕೇಳುತ್ತಾ ಆ ಕರ್ಕಶ ಸದ್ದಿನ ಬಗ್ಗೆ ಎಷ್ಟು ಕೃತಜ್ಞತೆ ಉಕ್ಕಿತೆಂದರೆ, ಡಾಕ್ಟರಮ್ಮನಿಗೆ, ಚಿಕ್ಕಮ್ಮನಿಗೆ, ಆ ಬಡಪಾಯಿ ಬೆಕ್ಕಿಗೆ ಕೂಡ ಮನಸ್ಸಿನಲ್ಲೇ ಕೈ ಮುಗಿದೆ.

ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ಮನೆ ನಿಶ್ಶಬ್ದವಾಯಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಕೆಳಗಿನಿಂದ ಕೂಡಲೇ ಟಕ್ ಟಕ್. ನಾನು ಕಿಟಕಿಯಿಂದ ಬಗ್ಗಿದೆ. ಕೆಳಗಿನ ಕಿಟಕಿಯಿಂದ ಹೆಡ್‌ಮಾಸ್ಟರರು ಕತ್ತು ಹೊರಗೆ ಹಾಕಿ ಮೇಲೆ ನೋಡುತ್ತಿದ್ದರು.

“ಏನ್ರೀ, ಸದ್ದೇ ನಿಂತುಹೋಯ್ತಲ್ಲ? ಹುಡುಗ ಚೆನ್ನಾಗಿದಾನೆ ತಾನೆ?”

“ಚೆನ್ನಾಗಿದಾನೆ ಸಾರ್,” ಎಂದೆ. “ಮಗ್ಗುಲು ಬದಲಾಯಿಸಿದ, ಅಷ್ಟೇ.”

ಒಳಗೆ ಮೇಜು ಮತ್ತೆ ಹೊರಟಿತು. ಹೆಡ್‌ಮಾಸ್ಟರರು ಕತ್ತು ಒಳಗೆಳೆದುಕೊಂಡರು. ಅವರ ಮಂಚ ಕಿರುಗುಟ್ಟಿದ್ದು ಕೇಳಿಸಿತು, ಅವರೂ ಮಲಗಿದರು.